ದರಿಯಾ ದೌಲತ್: ಸುಣ್ಣದ ಪದರದಲ್ಲಿ ಒಡೆಯರ ಗುರುತು

ಹಳೆಯ ಅರಮನೆ ಯಾರ ಯಾರ ಕೈ ದಾಟಿ ಬಂದಿದೆ ಎಂದು ತಿಳಿಯಬೇಕಾದರೆ ಕಾಗದಪತ್ರದ ಜೊತೆಗೆ ಗೋಡೆಯನ್ನೂ ಓದಬೇಕು. ಶ್ರೀರಂಗಪಟ್ಟಣದ ದರಿಯಾ ದೌಲತ್‌ನಷ್ಟು ಚೆನ್ನಾಗಿ ಇದನ್ನು ಕಲಿಸುವ ಕಟ್ಟಡ ನಮ್ಮಲ್ಲಿ ಕಡಿಮೆ.

ಟಿಪ್ಪು 1784ರಲ್ಲಿ ಕಾವೇರಿ ದಂಡೆಯ ತೋಟದಲ್ಲಿ ಕಟ್ಟಿಸಿದ ಬೇಸಿಗೆ ಅರಮನೆ ಇದು. ಎತ್ತರದ ಜಗಲಿ, ಸುತ್ತಲೂ ಪಡಸಾಲೆ, ತೇಗದ ಕಂಬಗಳು. ಪಶ್ಚಿಮದ ಗೋಡೆಯ ಮೇಲೆ, ಹೈದರ್ ಮತ್ತು ಟಿಪ್ಪು ಬ್ರಿಟಿಷರನ್ನು ಸೋಲಿಸಿದ 1780ರ ಪೊಳ್ಳಿಲೂರು ಕದನ. ಮದ್ದಿನ ಬಂಡಿ ಸಿಡಿಯುತ್ತಿದೆ, ಸೋತ ಕರ್ನಲ್ ಬೈಲಿ ಪಲ್ಲಕ್ಕಿಯೊಳಗೆ ಬೆರಳು ಕಚ್ಚಿ ಕೂತಿದ್ದಾನೆ.

1799ರಲ್ಲಿ ಬ್ರಿಟಿಷರು ಶ್ರೀರಂಗಪಟ್ಟಣಕ್ಕೆ ಹಾಕಿದ ಮುತ್ತಿಗೆಗೆ ಮುಂಚೆಯೇ ಈ ಚಿತ್ರವನ್ನು ಕೆಡಿಸಲಾಗಿತ್ತು. ಆ ಮುತ್ತಿಗೆಯಲ್ಲಿ ಟಿಪ್ಪು ಮಡಿದ ಮೇಲೆ ಇಲ್ಲಿ ಬಿಡಾರ ಹೂಡಿದ ಬ್ರಿಟಿಷ್ ಕರ್ನಲ್ ಆರ್ಥರ್ ವೆಲ್ಲೆಸ್ಲಿ, ತನ್ನವರ ಸೋಲಿನ ಚಿತ್ರವನ್ನೇ ಮತ್ತೆ ಬರೆಸಿದ. ಆಮೇಲೆ ಅದರ ಮೇಲೆ ಸುಣ್ಣ ಬಿತ್ತು. 1855ರಲ್ಲಿ ಮೈಸೂರು ಸೀಮೆಗೆ ಬಂದ ಗವರ್ನರ್ ಜನರಲ್ ಡಾಲ್‌ಹೌಸಿ ದುರಸ್ತಿಗೆ ಆಜ್ಞೆ ಮಾಡಿದಾಗ, ಮೂಲ ಚಿತ್ರ ನೆನಪಿದ್ದ ಇಲ್ಲಿನ ಕಲಾವಿದನೊಬ್ಬ ಅದನ್ನು ತಿದ್ದಿದ.

ಹಾಗಾಗಿ ಇಂದು ಕಾಣುವ ಗೆರೆಯನ್ನೆಲ್ಲ ಟಿಪ್ಪು ಕಾಲದ್ದೆಂದು ನಂಬುವಂತಿಲ್ಲ. ಪೂರ್ವದ ಗೋಡೆಯಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ದರ್ಬಾರಿದೆ. ಅವರು ಪಟ್ಟವೇರಿದ್ದೇ 1799ರಲ್ಲಿ, ಐದರ ಹುಡುಗನಾಗಿ. ಆ ಒಂದು ಚೌಕವೇ ಒಡೆತನ ಬದಲಾದದ್ದಕ್ಕೆ ಸಾಕ್ಷಿ.

ಟಿಪ್ಪುವಿನ ದೊಡ್ಡ ಅರಮನೆ ಲಾಲ್ ಮಹಲ್‌ಗೆ ಈ ಭಾಗ್ಯ ಸಿಗಲಿಲ್ಲ. ಅದನ್ನು ಕೆಡವಿದರು, ಅಲ್ಲಿನ ತೊಲೆಗಳು ಊಟಿಯ ಸೇಂಟ್ ಸ್ಟೀಫನ್ ಚರ್ಚಿನ ಚಾವಣಿ ಸೇರಿದವು. ದರಿಯಾ ದೌಲತ್‌ನಲ್ಲಿ ಅಧಿಕಾರಿ ವಾಸವಿದ್ದ, ಅದು ಉಳಿಯಿತು. ಸೂರು ಸೋರದಂತೆ ನೋಡುವವರಿದ್ದರೆ ಮಾತ್ರ ಮರದ ಕಟ್ಟಡ ಬಾಳುತ್ತದೆ.

ಇಂಥ ಗೋಡೆಯ ಮೇಲಿನ ಸುಣ್ಣ ತೆಗೆಯುವಾಗ ಆತುರ ಸಲ್ಲದು. ಮೊದಲು ಓರೆಯಾಗಿ ಟಾರ್ಚ್ ಬೆಳಕು ಬಿಟ್ಟು ಉಬ್ಬು, ಬಿರುಕು ಗುರುತಿಸಿ. ಕಣ್ಣಿಗೆ ಬೀಳದ ಮೂಲೆಯಲ್ಲಿ ಬೆರಳಗಲದ ಜಾಗ ಆರಿಸಿ, ಒಣಗಿರುವಾಗಲೇ ಸಣ್ಣ ಅಲಗಿನಿಂದ ಒಂದೊಂದೇ ಪದರ ಬಿಡಿಸಿ, ಪ್ರತಿ ಪದರಕ್ಕೂ ಫೋಟೊ ತೆಗೆದಿಡಿ. ನೀರು ಹಾಕಿ ಉಜ್ಜಿದರೆ ಅಂಟಿನಲ್ಲಿ ಕಲಸಿದ ಬಣ್ಣ ಸುಣ್ಣದ ಜೊತೆಗೇ ಎದ್ದುಬರುತ್ತದೆ. ಬಿರುಕಿಗೆ ಸಿಮೆಂಟ್ ಮೆತ್ತುವುದಂತೂ ಬೇಡವೇ ಬೇಡ: ಒಳಗಿನ ತೇವ ಹೊರಬರಲು ದಾರಿಯಿಲ್ಲದೆ ಪಕ್ಕದ ಗಾರೆಗೆ ಸರಿಯುತ್ತದೆ, ಅಲ್ಲಿ ಉಪ್ಪು ಹರಳುಗಟ್ಟಿ ಚಿತ್ರವನ್ನು ಹಿಂದಿನಿಂದ ತಳ್ಳುತ್ತದೆ. ಪಡಸಾಲೆಗೆ ಇಳಿಬಿಟ್ಟ ಹಸಿರು ಪರದೆಗಳೂ ಅಲಂಕಾರಕ್ಕಲ್ಲ, ಬಿಸಿಲಿಗೆ ಬಣ್ಣ ಮಾಸದಿರಲಿ ಎಂದು.