ಊಟ ಮುಗಿಸಿ ಬಂದಾಗ ಸ್ಕೀ ಕಾಣದಿದ್ದರೆ

“ನನ್ನ ಸ್ಕೀ ಯಾರೋ ಹೊಡೆದುಬಿಟ್ರು” ಅಂತ ನಮ್ಮ ಅಂಗಡಿಗೆ ಫೋನ್ ಬರುವುದು ಹೆಚ್ಚಾಗಿ ಮಧ್ಯಾಹ್ನ ಒಂದರಿಂದ ಎರಡೂವರೆ ಗಂಟೆಯೊಳಗೆ. ಕಳ್ಳರೇನೂ ರಾಹುಕಾಲ, ಗುಳಿಕಕಾಲ ನೋಡಿ ಬರುವುದಿಲ್ಲ. ಸ್ಕೀ ರೆಸಾರ್ಟಿನ ಲಾಡ್ಜಿನಲ್ಲಿ ಊಟ ಮುಗಿಸಿದ ಜನ ಒಂದೇ ಸಲ ಹೊರಗೆ ಬರುವ ಹೊತ್ತು ಅದು. ಅಷ್ಟೇ ಕಾರಣ.

ನಾನು ಇರುವುದು ಅಮೆರಿಕದ ಕೊಲರಾಡೊ ರಾಜ್ಯದ ಸಮ್ಮಿಟ್ ಕೌಂಟಿಯಲ್ಲಿ. ಹಿಮದ ಮೇಲೆ ಜಾರಲು ಕಾಲಿಗೆ ಕಟ್ಟುವ ಉದ್ದನೆಯ ಪಟ್ಟಿಗಳನ್ನು, ಅಂದರೆ ಸ್ಕೀಗಳನ್ನು, ಬಾಡಿಗೆಗೆ ಕೊಡುವ, ರಿಪೇರಿ ಮಾಡುವ ಅಂಗಡಿಯಲ್ಲಿ ಟೆಕ್ನಿಷಿಯನ್ ಕೆಲಸ. ಬ್ರೆಕೆನ್‌ರಿಡ್ಜ್, ಕೀಸ್ಟೋನ್, ಕಾಪರ್ ಮೌಂಟನ್ ಮೂರೂ ಸ್ಕೀ ರೆಸಾರ್ಟ್‌ಗಳು ಇದೇ ಕೌಂಟಿಯಲ್ಲಿವೆ. ಡೆನ್ವರ್ ಕಡೆಯಿಂದ ಐ-70 ಹೆದ್ದಾರಿ ಹಿಡಿದು ಐಸೆನ್‌ಹೋವರ್ ಸುರಂಗ ದಾಟಿದರೆ ನಮ್ಮ ಜಾಗ. ಕ್ರಿಸ್‌ಮಸ್ ವಾರದಲ್ಲೂ ಫೆಬ್ರವರಿಯ ಪ್ರೆಸಿಡೆಂಟ್ಸ್ ಡೇ ರಜೆಯಲ್ಲೂ ಟೆಕ್ಸಸ್‌ನಿಂದ ಗಾಡಿಗಟ್ಟಲೆ ಜನ ಬರುತ್ತಾರೆ. ಅವರಲ್ಲಿ ಕನ್ನಡದವರೂ ಕಮ್ಮಿಯೇನಿಲ್ಲ. ಬಹಳಷ್ಟು ಮಂದಿಗೆ ಅದೇ ಮೊದಲ ಸಲ.

ಕಳ್ಳತನ ಇಲ್ಲವೇ ಇಲ್ಲ ಅಂತ ಹೇಳುತ್ತಿಲ್ಲ. ಇದೆ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. ಆದರೆ ಬಾಡಿಗೆ ಸ್ಕೀ ಕಳುವಾಯಿತು ಅಂತ ನಮಗೆ ಬರುವ ದೂರುಗಳಲ್ಲಿ ಬಹುಪಾಲು ಬರೀ ಅದಲುಬದಲು. ಯೋಚಿಸಿ ನೋಡಿ. ಬಾಡಿಗೆ ಅಂಗಡಿಯವರು ಒಂದೇ ಕಂಪನಿಯ ಒಂದೇ ಮಾಡೆಲ್ ಅನ್ನು ಒಟ್ಟಿಗೆ ನೂರಾರು ಜೊತೆ ತರಿಸುತ್ತಾರೆ. ಬಣ್ಣ ಒಂದೇ, ಚಿತ್ರ ಒಂದೇ. ಉದ್ದದಲ್ಲಿ ಮಾತ್ರ ಏಳೆಂಟು ಸೆಂಟಿಮೀಟರ್ ಆಚೀಚೆ. ಲಾಡ್ಜ್ ಮುಂದಿನ ಮರದ ರ‍್ಯಾಕಿನಲ್ಲಿ ಅಂಥವೇ ಇಪ್ಪತ್ತು ಜೊತೆ ಸಾಲಾಗಿ ನಿಂತಿರುತ್ತವೆ. ಮೇಲೊಂದು ಪದರ ಹಿಮ ಬಿದ್ದಿರುತ್ತದೆ. ಗಾಗಲ್ಸ್ ಮಂಜಾಗಿರುತ್ತದೆ, ಮಗು ಅಳುತ್ತಿರುತ್ತದೆ. ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೊರಡುತ್ತಾರೆ.

ಹೋದರೆ ಹೋಗಲಿ, ಅದೂ ಅದೇ ಮಾಡೆಲ್ ತಾನೇ ಅನ್ನಬಹುದು. ನನಗೆ ತಲೆಬಿಸಿ ಆಗುವುದು ಅಲ್ಲೇ.

ಬೂಟನ್ನು ಸ್ಕೀಗೆ ಹಿಡಿದಿಡುವ ಭಾಗಕ್ಕೆ ಬೈಂಡಿಂಗ್ ಅನ್ನುತ್ತೇವೆ. ಅದಕ್ಕೆ ಎರಡು ಕೆಲಸ. ಸ್ಕೀ ಮಾಡುತ್ತಿರುವಾಗ ಬೂಟನ್ನು ಬಿಡಬಾರದು. ಬಿದ್ದು ಕಾಲು ತಿರುಚಿಕೊಂಡಾಗ ಬಿಡಲೇಬೇಕು. ಎಷ್ಟು ಬಲ ಬಿದ್ದರೆ ಬಿಡಬೇಕು ಅನ್ನುವುದನ್ನು ಮುಂದೆ, ಹಿಂದೆ ಎರಡೂ ಕಡೆ ಸ್ಕ್ರೂ ತಿರುಗಿಸಿ ಕೂರಿಸುತ್ತೇವೆ. ಬೈಂಡಿಂಗ್ ಮೇಲಿರುವ ಪುಟ್ಟ ಕಿಂಡಿಯಲ್ಲಿ ಆ ಸಂಖ್ಯೆ ಕಾಣುತ್ತದೆ. ಅದಕ್ಕೆ ಎಲ್ಲರೂ ಹೇಳುವುದು ಡಿನ್ ಅಂತ. ನಿಮ್ಮ ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ನೀವು ಸ್ಕೀ ಮಾಡುವ ರೀತಿ ಎಷ್ಟು ಜೋರಿನದು, ಇಷ್ಟನ್ನೂ ಪಟ್ಟಿಯಲ್ಲಿ ನೋಡಿ ಆ ಸಂಖ್ಯೆ ತೆಗೆಯುತ್ತೇವೆ. ಫಾರ್ಮಿನಲ್ಲಿ ತೂಕ ಕೇಳುವುದು ಅದಕ್ಕೇ. ದಯವಿಟ್ಟು ನಿಜ ಬರೆಯಿರಿ. ಹತ್ತು ಪೌಂಡ್ ಕಮ್ಮಿ ಬರೆಯುವ ಚಟ ಗಂಡಸರಲ್ಲೇ ಜಾಸ್ತಿ ಅನ್ನುವುದು ನನ್ನ ಅನುಭವ.

ಈಗ ಒಂದು ಲೆಕ್ಕ ನೋಡಿ. ಒಬ್ಬ ಕಾಲೇಜು ಹುಡುಗ, 58 ಕೆಜಿ, ಇವತ್ತೇ ಮೊದಲ ಸಲ ಸ್ಕೀ ಕಟ್ಟಿದ್ದಾನೆ. ಅವನಿಗೆ 4ರಿಂದ 5ರೊಳಗೆ ಇಡುತ್ತೇವೆ. ಇನ್ನೊಬ್ಬರು 85 ಕೆಜಿ, ವರ್ಷಗಳಿಂದ ಸ್ಕೀ ಮಾಡುತ್ತಿದ್ದಾರೆ. ಅವರಿಗೆ 7-8ರ ಹತ್ತಿರ ಬರುತ್ತದೆ. ಹುಡುಗ ಅವರ ಸ್ಕೀ ಹಾಕಿಕೊಂಡರೆ ಬಿದ್ದಾಗ ಬೈಂಡಿಂಗ್ ಬಿಡುವುದಿಲ್ಲ. ಉದ್ದದ ಸ್ಕೀ ಒಂದು ಕಡೆ ಎಳೆಯುತ್ತದೆ, ಮೊಣಕಾಲೋ ಕೆಳಗಿನ ಮೂಳೆಯೋ ಪೆಟ್ಟು ತಿನ್ನುತ್ತದೆ. ಅವರು ಹುಡುಗನದು ಹಾಕಿಕೊಂಡರೆ ಜೋರು ತಿರುವಿನಲ್ಲಿ, ಬೀಳದಿದ್ದರೂ, ಸ್ಕೀ ಕಳಚಿಕೊಳ್ಳುತ್ತದೆ. ಯಾವುದು ಮೇಲು ಅಂತ ಕೇಳಬೇಡಿ.

ಹಾಗಾದರೆ ಬೇರೆಯವರ ಬೈಂಡಿಂಗ್‌ಗೆ ನಮ್ಮ ಬೂಟು ಕೂರುವುದೇ ಇಲ್ಲವಲ್ಲ ಅಂತ ನೀವು ಕೇಳಬಹುದು. ಕೂರುತ್ತದೆ! ಸ್ಕೀ ಬೂಟಿನ ಹಿಮ್ಮಡಿಯ ಪಕ್ಕದಲ್ಲಿ 305 ಅಥವಾ 315 ಅಂತ ಒಂದು ಸಂಖ್ಯೆ ಅಚ್ಚಾಗಿರುತ್ತದೆ. ಅದು ಬೂಟಿನ ಅಡಿಯ ಉದ್ದ, ಮಿಲಿಮೀಟರ್‌ನಲ್ಲಿ. ಬೈಂಡಿಂಗ್ ಹಿಂದೆ ಮುಂದೆ ಸರಿಸಿ ಹೊಂದಿಸುವುದು ಆ ಅಳತೆಗೆ. ಹೆಚ್ಚಿನ ಕಂಪನಿಗಳು 26 ಮತ್ತು 26.5 ಸೈಜಿಗೆ ಒಂದೇ ಹೊರಕವಚ ಬಳಸುತ್ತವೆ. ಅಂದರೆ ಅಡಿಯ ಉದ್ದವೂ ಒಂದೇ. ಬಾಡಿಗೆ ಅಂಗಡಿಯಲ್ಲಿ ಬೂಟುಗಳೂ ಒಂದೇ ಮಾಡೆಲ್. ಹಾಗಾಗಿ ಪಾದದ ಸೈಜು ಹೊಂದಿದ ಇಬ್ಬರು ಒಬ್ಬರ ಸ್ಕೀಯನ್ನು ಇನ್ನೊಬ್ಬರು ತುಳಿದರೆ ಟಕ್ ಅಂತ ಕೂರುತ್ತದೆ. ತೂಕದಲ್ಲಿ ಮೂವತ್ತು ಕೆಜಿ ವ್ಯತ್ಯಾಸ ಇದ್ದರೂ ಬೈಂಡಿಂಗ್‌ಗೆ ಅದು ಗೊತ್ತಾಗುವುದಿಲ್ಲ.

ಒಂದು ಸಂಜೆ ಡಲ್ಲಾಸ್‌ನಿಂದ ಬಂದಿದ್ದ ಕುಟುಂಬವೊಂದು ಸ್ಕೀ ವಾಪಸ್ ಕೊಡಲು ಬಂತು. ಯಜಮಾನರ ಸ್ಕೀ ಜೊತೆಯ ಬಾರ್‌ಕೋಡ್ ಸ್ಕ್ಯಾನ್ ಮಾಡಿದರೆ ಬೇರೆ ಹೆಸರು.

“ಸರ್, ಇದು ನಿಮ್ಮದಲ್ಲ.”

“ಏನ್ ಸರ್ ಹೀಗಂತೀರಾ, ಊಟ ಆದ್ಮೇಲೆ ಪೂರ್ತಿ ಇದರಲ್ಲೇ ಇದ್ದೆ. ಕ್ಲಿಕ್ ಆಯ್ತಲ್ಲಾ!”

“ಎಷ್ಟು ಸಲ ಬಿದ್ರಿ?”

“ಬಿದ್ದಿದ್ದು ಬಿಡಿ, ಸ್ಕೀ ಬಿಚ್ಚಿಕೊಳ್ತಾನೇ ಇರ್ಲಿಲ್ಲ. ನಾನೇ ಕೋಲಲ್ಲಿ ಒತ್ತಿ ಬಿಚ್ಚಬೇಕಿತ್ತು.”

ಅವರ ಡಿನ್‌ಗಿಂತ ಮೂರು ಅಂಕ ಜಾಸ್ತಿ ಇತ್ತು. ಪುಣ್ಯಕ್ಕೆ ಕಾಲು ನೆಟ್ಟಗಿತ್ತು. ಅವರ ಹೆಂಡತಿ ಮಾತ್ರ “ಬೆಳಗ್ಗೆ ನಿಮ್ದು ಇಷ್ಟು ಉದ್ದ ಇರ್ಲಿಲ್ಲ ಅಂತ ನಾನು ಹೇಳ್ದೆ ತಾನೇ” ಅಂತ ಇನ್ನೂ ಮೂರು ನಿಮಿಷ ಬಿಡಲಿಲ್ಲ. ಅವರ ಕಣ್ಣು ಸರಿಯಾಗಿಯೇ ಇತ್ತು.

ಅದಲುಬದಲು ಒಬ್ಬರಿಗೇ ನಿಲ್ಲುವುದಿಲ್ಲ, ಅದು ಇನ್ನೊಂದು ಕಷ್ಟ. ಒಬ್ಬರು ನಿಮ್ಮದನ್ನು ಒಯ್ಯುತ್ತಾರೆ. ನೀವು ಬಂದು ನೋಡುತ್ತೀರಿ, ಹಾಗೇ ಕಾಣುವ ಒಂದು ಜೊತೆ ಇದೆ. ಇದೇ ಇರಬೇಕು ಅಂತ ಎತ್ತುತ್ತೀರಿ. ಅದು ಮೂರನೆಯವರದು. ಅವರು ಬಂದು ನಾಲ್ಕನೆಯವರದಕ್ಕೆ ಕೈ ಹಾಕುತ್ತಾರೆ. ಸಂಜೆ ಐದು ಗಂಟೆಗೆ ಕೌಂಟರಿನಲ್ಲಿ ಈ ಸಿಕ್ಕು ಬಿಡಿಸುವುದು ನಮ್ಮ ಹಣೆಬರಹ.

ಅದಕ್ಕೇ, ಸ್ಕೀ ಕಾಣದಿದ್ದರೆ ಮೊದಲ ನಿಯಮ: ಬೇರೆ ಯಾವುದನ್ನೂ ಎತ್ತಬೇಡಿ. ಅಕ್ಕಪಕ್ಕದ ನಾಲ್ಕೈದು ರ‍್ಯಾಕ್ ನಿಧಾನವಾಗಿ ನೋಡಿ. ಬೆಳಗ್ಗೆ ಬೇರೆ ಬಾಗಿಲಿನಿಂದ ಒಳಗೆ ಹೋಗಿ ಈಗ ಇನ್ನೊಂದರಿಂದ ಹೊರಗೆ ಬಂದವರು ಎಷ್ಟೋ ಜನ. ಸಿಗಲಿಲ್ಲವಾ? ನಿಮ್ಮದರಂತೆಯೇ ಇರುವ, ಯಾರೂ ತೆಗೆದುಕೊಂಡು ಹೋಗದ ಒಂದು ಜೊತೆ ಹತ್ತಿರದಲ್ಲಿ ಉಳಿದಿರುವ ಸಾಧ್ಯತೆ ಇದೆ. ಅದರ ಸ್ಟಿಕ್ಕರ್ ಸಂಖ್ಯೆಯ ಫೋಟೋ ತೆಗೆದು ಅಂಗಡಿಗೆ ಫೋನ್ ಮಾಡಿ. ಆ ಸಂಖ್ಯೆಗೆ ಒಂದು ಹೆಸರು, ಒಂದು ಫೋನ್ ನಂಬರ್ ನಮ್ಮ ಕಂಪ್ಯೂಟರಿನಲ್ಲಿದೆ. ನಾವು ಅವರಿಗೆ ಫೋನ್ ಮಾಡುತ್ತೇವೆ. ಗುಡ್ಡದ ಮೇಲಕ್ಕೆ ಒಯ್ಯುವ ಲಿಫ್ಟ್ ಸಾಲಿನಲ್ಲಿ ನಿಂತವರು ಫೋನ್ ಎತ್ತಿಬಿಟ್ಟರೆ ಅರ್ಧ ಗಂಟೆಯಲ್ಲಿ ಕೆಲಸ ಮುಗಿಯುತ್ತದೆ. ಎತ್ತದಿದ್ದರೆ ರೆಸಾರ್ಟಿನ ಗೆಸ್ಟ್ ಸರ್ವೀಸ್‌ನಲ್ಲಿ ಹೇಳಿ. ಲಿಫ್ಟ್ ನಿಲ್ಲುವ ಸಂಜೆ ನಾಲ್ಕು ಗಂಟೆಯ ನಂತರ ತಾನಾಗಿ ವಾಪಸ್ ಬರುವುದೂ ಉಂಟು. ಹತ್ತಿರದಲ್ಲಿ ನಮ್ಮ ಕೌಂಟರ್ ಇದ್ದರೆ ಬೇರೆ ಜೊತೆ ಕೊಡುತ್ತೇವೆ, ನಿಮ್ಮ ಅಳತೆಗೆ ಹೊಂದಿಸಿ.

ಇದೆಲ್ಲ ಬೇಡ ಅಂದರೆ ಗುರುತು ಮಾಡಿ. ಕಿತ್ತಳೆಯೋ ಗುಲಾಬಿಯೋ ಬಣ್ಣದ ಎಲೆಕ್ಟ್ರಿಕಲ್ ಟೇಪ್ ಸಾಕು. ಜನ ಮಾಡುವ ತಪ್ಪು ಏನೆಂದರೆ ಸ್ಕೀಯ ಬಾಲದ ಕಡೆ ಅಂಟಿಸುತ್ತಾರೆ. ರ‍್ಯಾಕಿನಲ್ಲಿ ಬಾಲ ಕೆಳಗೆ, ಹಿಮದೊಳಗೆ. ಮೂತಿಯ ಹತ್ತಿರ, ಮೇಲ್ಭಾಗದಲ್ಲಿ, ಎರಡೂ ಸ್ಕೀಗೆ ಸುತ್ತು ಹಾಕದೆ ಅಂಟಿಸಿ. ಟೇಪ್ ಕೆಳಗಿನ ಮೈಗೂ ಉಕ್ಕಿನ ಅಂಚಿಗೂ ಬರಬಾರದು. ಮನೆಯಿಂದ ಟೇಪ್ ತರಲಿಲ್ಲ ಅಂದರೆ ಕೌಂಟರಿನಲ್ಲಿ ಕೇಳಿ, ಒಂದು ತುಂಡು ಯಾರೂ ಇಲ್ಲ ಅನ್ನುವುದಿಲ್ಲ. ಸ್ವಂತ ಸ್ಕೀ ಆದರೆ ಹೆಸರು, ಫೋನ್ ನಂಬರ್ ಇರುವ ಸ್ಟಿಕ್ಕರ್ ಹಾಕಿ. ಮನೆ ವಿಳಾಸ ಬೇಡ. ಮತ್ತೆ ಊಟಕ್ಕೆ ಒಳಗೆ ಹೋಗುವ ಮುಂಚೆ ರ‍್ಯಾಕಿನ ಫೋಟೋ ಒಂದು ತೆಗೆಯಿರಿ, ಹಿಂದಿನ ಬೋರ್ಡೋ ಬಾಗಿಲೋ ಕಾಣುವ ಹಾಗೆ.

ಹಳೆಯ ಸ್ಕೀಯರ್‌ಗಳು ಹೇಳಿಕೊಡುವ ಉಪಾಯ ಬೇರೆ ಇದೆ. ಜೊತೆ ಒಡೆಯುವುದು. ಒಂದು ಸ್ಕೀ ಈ ರ‍್ಯಾಕಿನಲ್ಲಿ, ಇನ್ನೊಂದು ಆ ತುದಿಯ ರ‍್ಯಾಕಿನಲ್ಲಿ. ಮದುವೆ ಛತ್ರದ ಮುಂದೆ ಒಂದು ಚಪ್ಪಲಿ ಅಲ್ಲಿ, ಒಂದು ಚಪ್ಪಲಿ ಇಲ್ಲಿ ಬಿಟ್ಟು ಹೋಗುವ ನಮ್ಮ ದೊಡ್ಡಪ್ಪಂದಿರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಇಬ್ಬರಿದ್ದರೆ ನನ್ನದೊಂದು, ನಿನ್ನದೊಂದು ಸೇರಿಸಿ ಜೋಡಿ ಮಾಡಿ ನಿಲ್ಲಿಸುತ್ತಾರೆ. ಸ್ವಂತ ಸ್ಕೀಗೆ ಇದು ಒಳ್ಳೆಯ ಉಪಾಯ, ಖರ್ಚೂ ಇಲ್ಲ. ಓಡುವ ಅವಸರದಲ್ಲಿರುವ ಕಳ್ಳ ಜೊತೆ ಹುಡುಕುತ್ತಾ ಕೂರುವುದಿಲ್ಲ. ಆದರೆ ಬಾಡಿಗೆ ಸ್ಕೀಗೆ ನಾನು ಬೇಡ ಅನ್ನುತ್ತೇನೆ. ನಿಮ್ಮಂತೆಯೇ ಇನ್ನೊಂದು ಕುಟುಂಬವೂ ಜೊತೆ ಒಡೆದಿದ್ದರೆ, ಒಂದೇ ಬಣ್ಣದ ನಾಲ್ಕು ಒಂಟಿ ಸ್ಕೀಗಳು. ಸಂಜೆ ಒಂದು ಕಾಲಿಗೆ 5, ಇನ್ನೊಂದು ಕಾಲಿಗೆ 7 ಡಿನ್ ಇರುವವರು ವಾಪಸ್ ಬರುತ್ತಾರೆ. ಟೇಪ್ ಗುರುತು ಇದ್ದರೆ ಮಾತ್ರ ಒಡೆಯಿರಿ.

ನನ್ನ ಮತ ಬೀಗಕ್ಕೆ. ಬೆರಳಿನಿಂದ ನಂಬರ್ ತಿರುಗಿಸುವ ಸಣ್ಣ ಕೇಬಲ್ ಬೀಗ ಜೇಬಿನಲ್ಲಿ ಹಿಡಿಸುತ್ತದೆ. ತಂತಿ ಕತ್ತರಿಸುವ ಇಕ್ಕಳ ತಂದವನನ್ನು ಅದು ತಡೆಯುವುದಿಲ್ಲ, ನಿಜ. ಆದರೆ ಹಾಡಹಗಲಲ್ಲಿ ಲಾಡ್ಜ್ ಮುಂದೆ ಇಕ್ಕಳ ಹಿಡಿದು ನಿಲ್ಲುವವನು ಅಪರೂಪ. ಇದಕ್ಕಿಂತ ದೊಡ್ಡ ಲಾಭ, ತಪ್ಪಿ ನಿಮ್ಮದನ್ನು ಎತ್ತುವವರು ಅಲ್ಲೇ ನಿಲ್ಲುತ್ತಾರೆ. ಅಯ್ಯೋ, ಇದು ನಂದಲ್ಲ ಅಂತ ಗೊತ್ತಾಗುತ್ತದೆ. ಕೇಬಲ್ ಹಾಕುವ ಜಾಗ ಮುಖ್ಯ. ಮೂತಿಯ ಹತ್ತಿರ ಸುತ್ತಿದರೆ ಸರಕ್ಕನೆ ಮೇಲಿಂದ ಜಾರಿ ಬರುತ್ತದೆ. ಬೈಂಡಿಂಗಿನ ಮುಂದಿನ ತುಂಡು, ಹಿಂದಿನ ತುಂಡು ಇವೆರಡರ ನಡುವೆ ಎರಡೂ ಸ್ಕೀ ಸೇರಿಸಿ ಬಿಗಿಯಾಗಿ ಸುತ್ತಿ, ಆಮೇಲೆ ರ‍್ಯಾಕಿನ ಅಡ್ಡಪಟ್ಟಿಗೆ ಹಾಕಿ. ಆಗ ಮೇಲೂ ಜಾರದು, ಕೆಳಗೂ ಜಾರದು. ನಂಬರ್ ಮರೆಯುವವರು ಫೋನಿನಲ್ಲಿ ಬರೆದಿಡಿ. ಬೀಗ ಒಡೆಸಿಕೊಡಿ ಅಂತ ನಮ್ಮ ಹತ್ತಿರ ಬಂದವರಿದ್ದಾರೆ.

ಕೆಲವು ರೆಸಾರ್ಟ್‌ಗಳ ಬೇಸಿನಲ್ಲಿ, ಅಂದರೆ ಗುಡ್ಡದ ಬುಡದಲ್ಲಿ, ಸ್ಕೀ ಚೆಕ್ ಅಂತ ಇರುತ್ತದೆ. ಸ್ಕೀ ಕೊಟ್ಟರೆ ಚೀಟಿ ಕೊಡುತ್ತಾರೆ. ಕೆಲವು ಕಡೆ ಪುಕ್ಕಟೆ, ಕೆಲವು ಕಡೆ ದುಡ್ಡು. ಇದ್ದರೆ ಬಳಸಿ, ಒಂದೆರಡು ಡಾಲರ್ ಟಿಪ್ಸ್ ಇಡಿ.

ಇನ್ನು ನಿಜವಾದ ಕಳ್ಳರ ವಿಷಯ. ಅವರಿಗೆ ಬಾಡಿಗೆ ಸ್ಕೀ ಮೇಲೆ ಅಷ್ಟಾಗಿ ಕಣ್ಣಿಲ್ಲ. ಮೈಮೇಲೆಲ್ಲ ಅಂಗಡಿ ಹೆಸರು, ಬಾರ್‌ಕೋಡ್ ಇರುವುದನ್ನು ಮಾರುವುದು ಕಷ್ಟ. ಹೊಸ ಸ್ಕೀ, ಮೇಲೆ ಒಳ್ಳೆಯ ಬೈಂಡಿಂಗ್, ಅದು ಬೇಕು ಅವರಿಗೆ. ಸಾವಿರ ಡಾಲರ್ ಸಲೀಸಾಗಿ ದಾಟುವ ಮಾಲು. ಹೋಗುವುದು ಹೆಚ್ಚಾಗಿ ಸಂಜೆ ಬಾರ್ ಮುಂದಿನ ರ‍್ಯಾಕಿನಿಂದ, ಹೋಟೆಲ್ ಕಾರಿಡಾರಿನಿಂದ, ರಾತ್ರಿಯಿಡೀ ಕಾರಿನ ಮೇಲೆ ಬಿಟ್ಟಾಗ. ಡೆನ್ವರ್‌ಗೆ ವಾಪಸ್ ಹೋಗುವ ದಾರಿಯಲ್ಲಿ ಊಟಕ್ಕೆ ನಿಲ್ಲಿಸಿದಾಗಲೂ ಕಾರಿನ ಮೇಲಿನ ರ‍್ಯಾಕಿಗೆ ಬೀಗ ಇರಲಿ.

ಸ್ವಂತ ಸ್ಕೀ ಕೊಂಡ ದಿನವೇ ಅದರ ಸೀರಿಯಲ್ ನಂಬರ್ ಫೋಟೋ ತೆಗೆದು ಬಿಲ್ ಜೊತೆ ಇಡಿ. ಸ್ಕೀಯ ಪಕ್ಕದಲ್ಲೋ ಬೈಂಡಿಂಗ್ ಹತ್ತಿರವೋ ಸಣ್ಣ ಅಕ್ಷರದಲ್ಲಿ ಕೊರೆದಿರುತ್ತಾರೆ. ಪೊಲೀಸರಿಗೆ ದೂರು ಕೊಡುವಾಗ ಆ ನಂಬರ್ ಇಲ್ಲದಿದ್ದರೆ, ಸಿಕ್ಕ ಸ್ಕೀ ನಿಮ್ಮದೇ ಅಂತ ತೋರಿಸುವುದು ಕಷ್ಟ. ಕೊಲರಾಡೊದಲ್ಲಿ ಕದ್ದದ್ದು 2,000 ಡಾಲರ್ ಅಥವಾ ಅದಕ್ಕಿಂತ ಜಾಸ್ತಿ ಬೆಲೆಯದಾದರೆ ಅದು ಫೆಲನಿ, ಅಂದರೆ ಗಂಭೀರ ಅಪರಾಧ. ಹಾಗಾಗಿ ಬಿಲ್ ಕೂಡ ಲೆಕ್ಕಕ್ಕೆ ಬರುತ್ತದೆ. ಮನೆಯ ಅಥವಾ ರೆಂಟರ್ಸ್ (ಬಾಡಿಗೆದಾರರ) ಇನ್ಶೂರೆನ್ಸ್ ಇದ್ದರೆ ಮನೆಯ ಹೊರಗೆ ಕಳುವಾದ ಸಾಮಾನಿಗೂ ಸಾಮಾನ್ಯವಾಗಿ ಅನ್ವಯಿಸುತ್ತದೆ. ಡಿಡಕ್ಟಿಬಲ್, ಅಂದರೆ ಮೊದಲು ನೀವೇ ಭರಿಸಬೇಕಾದ ಪಾಲು, 1,000 ಡಾಲರ್ ಇದ್ದರೆ ಮಾತ್ರ ಕೈಗೆ ಹೆಚ್ಚೇನೂ ಬರುವುದಿಲ್ಲ, ಸುಮ್ನೆ ಒಂದು ಕ್ಲೇಮ್ ದಾಖಲಾಗುತ್ತದೆ.

ಸಾಮಾನು ಎಲ್ಲಿದೆ ಅಂತ ಫೋನಿನಲ್ಲಿ ತೋರಿಸುವ ಆಪಲ್ ಕಂಪನಿಯ ಪುಟ್ಟ ಏರ್‌ಟ್ಯಾಗ್ ಹಾಕಲಾ ಅಂತ ತುಂಬಾ ಜನ ಕೇಳುತ್ತಾರೆ. ಹಾಕಿ, ಆದರೆ ಜಿಪಿಎಸ್ ಅಂತ ತಿಳಿಯಬೇಡಿ. ಹತ್ತಿರ ಹಾದುಹೋಗುವ ಐಫೋನ್‌ನಂಥ ಆಪಲ್ ಸಾಧನಗಳ ಮೂಲಕ ಮಾತ್ರ ಅದು ತನ್ನ ಜಾಗ ಹೇಳುತ್ತದೆ. ಜನ ತುಂಬಿದ ಬೇಸಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತದೆ, ನಿರ್ಜನ ರಸ್ತೆಯಲ್ಲಿ ಇಲ್ಲ. ಮೈನಸ್ 20 ಡಿಗ್ರಿವರೆಗೆ ನಡೆಯುತ್ತದೆ ಅಂತ ಕಂಪನಿ ಹೇಳುತ್ತದೆ. ಇನ್ನೊಂದು ವಿಷಯ, ಬೇರೆಯವರ ಟ್ಯಾಗ್ ತಮ್ಮ ಜೊತೆ ಬರುತ್ತಿದೆ ಅಂತ ಒಯ್ದವರ ಫೋನಿಗೂ ಸೂಚನೆ ಹೋಗುತ್ತದೆ. ಕಳ್ಳನಾದರೆ ಕಿತ್ತು ಎಸೆಯುತ್ತಾನೆ. ತಪ್ಪಿ ಒಯ್ದವರಾದರೆ ಒಮ್ಮೆ ಕೆಳಗೆ ನೋಡುತ್ತಾರೆ. ಟ್ಯಾಗ್ ಕಂಡರೆ ಸಾಕು, ವಾಪಸ್ ಬರುತ್ತಾರೆ.

ಕೋಲುಗಳು ಹೋಗುತ್ತಲೇ ಇರುತ್ತವೆ, ಅದಕ್ಕೆ ನಿದ್ದೆಗೆಡಬೇಡಿ. ಬೂಟುಗಳು ಬೆಂಚಿನ ಕೆಳಗೆ ಅದಲುಬದಲಾಗುತ್ತವೆ, ಬಕಲ್‌ಗೆ ಅದೇ ಬಣ್ಣದ ಟೇಪ್ ಸುತ್ತಿ. ಮಕ್ಕಳ ಸ್ಕೀ ಸ್ಕೂಲಿನಲ್ಲಂತೂ ಎಲ್ಲವೂ ಒಂದೇ ಥರ ಇರುತ್ತವೆ. ಹೆಲ್ಮೆಟ್ಟಿಗೆ, ಬೂಟಿಗೆ, ಸ್ಕೀಗೆ ಮೂರಕ್ಕೂ ಮಗುವಿನ ಹೆಸರು ಬರೆದು ಕಳಿಸಿ.

ಕೊನೆಗೆ ಬಾಡಿಗೆ ಫಾರ್ಮಿನ ವಿಷಯ. ಕೌಂಟರಿನಲ್ಲಿ ಡ್ಯಾಮೇಜ್ ವೇವರ್ ಬೇಕಾ ಅಂತ ಕೇಳುತ್ತಾರೆ, ದಿನಕ್ಕೆ ಕೆಲವು ಡಾಲರ್. ಬೇಕು ಅಂತ ಟಿಕ್ ಹಾಕಿ ನಿಶ್ಚಿಂತೆಯಿಂದ ಹೋಗುತ್ತಾರೆ ಜನ. ಅದು ಮುರಿದದ್ದಕ್ಕೆ, ಗೀಚಿದ್ದಕ್ಕೆ. ಕಳೆದುಹೋದರೆ ಬಹಳಷ್ಟು ಅಂಗಡಿಗಳಲ್ಲಿ ಅದು ಅನ್ವಯಿಸುವುದಿಲ್ಲ, ಪೂರ್ತಿ ಬೆಲೆ ನಿಮ್ಮ ಕಾರ್ಡಿಗೆ ಬೀಳುತ್ತದೆ. ಸಹಿ ಹಾಕುವ ಮುಂಚೆ ಒಂದೇ ಪ್ರಶ್ನೆ ಕೇಳಿ: “ಕಳುವಾದರೆ?” ಕೌಂಟರಿನಲ್ಲಿ ಇರುವ ಹುಡುಗ ಗೊತ್ತಿಲ್ಲ ಅಂದರೆ ಮ್ಯಾನೇಜರನ್ನು ಕರೆಯಲು ಹೇಳಿ. ಹಿಂದೆ ಕ್ಯೂ ಎಷ್ಟೇ ಉದ್ದ ಇರಲಿ.