ಹಳೆಯ ಮರ ಉಳಿದರಷ್ಟೇ ಈ ಅಣಬೆ

ಪುಣೆಯ ಹಳೆಯ ಪೇಟೆಯ ಗಿಡಮೂಲಿಕೆ ಅಂಗಡಿಯಲ್ಲಿ ‘ಫಣಸೋಂಬಾ’ ಎಂದು ಕೇಳಿದರೆ, ಕಟ್ಟಿಗೆಯಷ್ಟೇ ಗಟ್ಟಿಯಾದ ಕಂದು ತುಂಡೊಂದನ್ನು ಕಾಗದದಲ್ಲಿ ಕಟ್ಟಿಕೊಡುತ್ತಾರೆ. ಫಣಸ ಎಂದರೆ ಹಲಸು. ಹಲಸಿನ ಕಾಂಡಕ್ಕೆ ಗೂಡುಹಲಗೆಯಂತೆ ಅಂಟಿಕೊಂಡು ಬೆಳೆಯುವ ಅಣಬೆ ಇದು. ಫೆಲ್ಲಿನಸ್ ಕುಲಕ್ಕೆ ಸೇರಿದ್ದು. ಮಕ್ಕಳ ಬಾಯಿಹುಣ್ಣಿಗೆ ಇದನ್ನು ತೇಯ್ದು ಹಚ್ಚುವುದು ಇಲ್ಲಿನ ಹಳೆಯ ರೂಢಿ. ಧಾರವಾಡದಿಂದ ಬಂದ ಹೊಸತರಲ್ಲಿ, ಪಕ್ಕದ ಮನೆಯ ವಿಜಯಪುರದ ಅಜ್ಜಿ ತಮ್ಮ ಸಾಣೆಕಲ್ಲಿನ ಮೇಲೆ ಇದನ್ನು ತೇಯುತ್ತ, “ಎಳೆಯ ಮರದಾಗ ಇದು ಹುಟ್ಟೂದಿಲ್ಲವ್ವಾ” ಎಂದಿದ್ದರು.

ಆ ಮಾತಿನ ಪೂರ್ಣ ಅರ್ಥ ನನಗೆ ತಿಳಿದದ್ದು ಬಹಳ ದೂರದ ಇನ್ನೊಂದು ಅಣಬೆಯ ಇತಿಹಾಸ ಓದಿದಾಗ. ಅಮೆರಿಕದ ಆರೆಗಾನ್ ಮತ್ತು ವಾಷಿಂಗ್ಟನ್ ರಾಜ್ಯಗಳ ಬೆಟ್ಟಗಾಡುಗಳಲ್ಲಿ ನೋಬಲ್ ಫರ್ ಎಂಬ ಬೃಹತ್ ಸೂಚಿಪರ್ಣಿ ಮರಗಳಿವೆ. ಅವುಗಳ ಬುಡದಲ್ಲಿ ಕಾಣಿಸುವ ಈ ಅಣಬೆಯ ಮೈಮೇಲೆ ನಾರುನಾರಾದ ರೋಮ, ಅದರ ಮೇಲೆ ಪಾಚಿಯ ಹಸಿರು. 1940ರ ದಶಕದಲ್ಲಿ ಸಿಕ್ಕ ಒಂದರ ತೂಕ ಸುಮಾರು 136 ಕಿಲೋ! 1949ರಲ್ಲಿ ವಿಲಿಯಂ ಬ್ರಿಜ್ ಕುಕ್ ಇದನ್ನು ಹೊಸ ಪ್ರಭೇದವೆಂದು ವರ್ಣಿಸಿದರು. 1996ರಲ್ಲಿ ಇದಕ್ಕಾಗಿಯೇ ಹೊಸ ಕುಲ ರಚಿಸಿ, ಅವರ ನಡುವಿನ ಹೆಸರನ್ನೇ ಉಳಿಸಿ ಬ್ರಿಜಿಯೋಪೋರಸ್ ನೊಬಿಲಿಸಿಮಸ್ ಎಂದು ಕರೆದರು.

ಆದರೆ ಅಷ್ಟರಲ್ಲಿ ಅದರ ಮರಗಳು ಗರಗಸದ ಪಾಲಾಗಿದ್ದವು. ಈ ಅಣಬೆಗೆ ಬೇಕಾದ, ಮೀಟರಿಗಿಂತ ಹೆಚ್ಚು ದಪ್ಪದ ಕಾಂಡಗಳೆಂದರೆ ಮರದ ವ್ಯಾಪಾರಿಗೂ ಅಷ್ಟೇ ಪ್ರೀತಿ. 1990ರಲ್ಲಿ ಅಲ್ಲಿನ ಹಳೆಯ ಕಾಡುಗಳನ್ನೇ ನಂಬಿದ ಚುಕ್ಕೆಗೂಬೆಯನ್ನು ಅಪಾಯದಂಚಿನ ಜೀವಿಗಳ ಪಟ್ಟಿಗೆ ಸೇರಿಸಿದ ಮೇಲೆ ಹಳೆಯ ಕಾಡುಗಳ ಕುರಿತು ದೊಡ್ಡ ಜಗಳವೇ ನಡೆಯಿತು; ಅದರ ಫಲವಾಗಿ 1994ರಲ್ಲಿ ಸರ್ಕಾರಿ ಅರಣ್ಯಗಳಿಗೆ ಹೊಸ ಯೋಜನೆ ಬಂತು. ಈ ಅಣಬೆ ಇರುವ ಒಂದೊಂದು ತಾಣದ ಸುತ್ತಲೂ 600 ಎಕರೆವರೆಗಿನ ಯೋಗ್ಯ ಕಾಡನ್ನು ಕಾಯ್ದಿಡಬೇಕೆಂದು ಅದು ಹೇಳಿತು. ಒಂದು ಅಣಬೆಗೆ 600 ಎಕರೆ. ಇದು ಅತಿಯೆಂದು ನನಗೆ ಅನ್ನಿಸುವುದಿಲ್ಲ. 1995ರಲ್ಲಿ ಆರೆಗಾನ್ ರಾಜ್ಯದ ಪಟ್ಟಿಯೊಂದರಲ್ಲಿ ಇದು ಅಪಾಯದಂಚಿನದೆಂದು ದಾಖಲಾಯಿತು. ಆ ದೇಶದಲ್ಲಿ ಶಿಲೀಂಧ್ರವೊಂದಕ್ಕೆ ಅಂಥ ಮಾನ್ಯತೆ ಸಿಕ್ಕಿದ್ದು ಅದೇ ಮೊದಲು.

ಮುಂದೆ ಮರಗಳ ತಿರುಳನ್ನು ಕೊರೆದು ಡಿಎನ್‌ಎ ಪರೀಕ್ಷಿಸಿದಾಗ ಅಚ್ಚರಿಯೊಂದು ಹೊರಬಿತ್ತು. ಹೊರಗೆ ಅಣಬೆಯೇ ಕಾಣದ ಅನೇಕ ಮರಗಳ ಒಳಗೂ ಅದರ ಎಳೆಗಳು ಇದ್ದವು. ಅಂದರೆ ಅದು ಒಳಗೆ ಬದುಕಿರಬಲ್ಲದು. ಹೊರಗೆ ಬಂದು ಬೀಜಕಣ ಚೆಲ್ಲುವುದಕ್ಕೆ ಮಾತ್ರ ದಪ್ಪ ಮರ ಬೇಕು. ಮರ ದಪ್ಪವಾಗುವ ಮೊದಲೇ ಕಡಿದರೆ ಆ ವಂಶ ಒಳಗೇ ಮುಗಿಯುತ್ತದೆ.

ನಮ್ಮಲ್ಲಿ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಅನುಸೂಚಿಗಳಲ್ಲಿ ಪ್ರಾಣಿಗಳಿವೆ, ಸಸ್ಯಗಳಿವೆ, ಅಣಬೆಗಳಿಲ್ಲ. ಪುಣೆ ಜಿಲ್ಲೆಯ ಭೀಮಾಶಂಕರ 1985ರಲ್ಲಿ ಅಭಯಾರಣ್ಯವಾದದ್ದು ಮುಖ್ಯವಾಗಿ ಶೇಕರೂ, ಅಂದರೆ ಕೆಂಜಳಿಲಿಗಾಗಿ. ಅದರ ನೆರಳಿನಲ್ಲಿ ಅಣಬೆಗಳೂ ಉಳಿದಿವೆ. ಆದರೆ ಕಾಯ್ದೆಗಿಂತ ಬಹಳ ಮೊದಲೇ ಅವನ್ನು ಕಾಯ್ದದ್ದು ದೇವರಾಯಿಗಳು, ನಮ್ಮ ಕೊಡಗಿನ ದೇವರಕಾಡುಗಳ ಬಂಧುಗಳು. ಪುಣೆಯವರೇ ಆದ ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳ ಮತ್ತು ಸಸ್ಯವಿಜ್ಞಾನಿ ವಿ. ಡಿ. ವರ್ತಕ್ 1970ರ ದಶಕದಲ್ಲಿ ಊರೂರು ಅಲೆದು ಇವುಗಳ ಬಗ್ಗೆ ಬರೆದರು. ಅನೇಕ ದೇವರಾಯಿಗಳಲ್ಲಿ ಒಣಗಿ ಬಿದ್ದ ಕೊಂಬೆಯನ್ನೂ ಒಲೆಗೆ ಒಯ್ಯುವಂತಿಲ್ಲ. ಕಟ್ಟಿಗೆ ಕೊಳೆಸಿ ಬದುಕುವ ಜೀವಕ್ಕೆ ಇದಕ್ಕಿಂತ ದೊಡ್ಡ ಕಟ್ಟಳೆ ಬೇಕೇ? ಈಗ ಅದು ಸಡಿಲವಾಗುತ್ತಿದೆ. ಗುಡಿಯ ಜೀರ್ಣೋದ್ಧಾರಕ್ಕೆಂದು ಮರ ಕಡಿದು, ಅಂಗಳಕ್ಕೆ ಕಾಂಕ್ರೀಟ್ ಹಾಕಿದ್ದನ್ನು ಕಂಡು ನನ್ನ ಹೊಟ್ಟೆ ಉರಿದಿದೆ.

ಭೀಮಾಶಂಕರದ ಸಮೀಪದ ಆಹುಪೆಯ ದೇವರಾಯಿಯಲ್ಲಿ ಕಳೆದ ಮಳೆಗಾಲದ ಕೊನೆಗೆ ಉರುಳಿಬಿದ್ದ ಮರವೊಂದನ್ನು ನೋಡಿದೆ. ಯಾರೂ ಅದನ್ನು ಮುಟ್ಟಿರಲಿಲ್ಲ. ಮರ ನಿಂತಿದ್ದಾಗ ಬೆಳೆದ ಅಣಬೆಗಳು ಈಗ ನೆಟ್ಟಗೆ ನಿಂತಿದ್ದವು; ಅವುಗಳ ಅಂಚಿನಿಂದ ಹೊಸ ಪದರವೊಂದು ಹೊರಟು, ಬೀಜಕಣ ಉದುರಿಸುವ ರಂಧ್ರಗಳನ್ನು ಮತ್ತೆ ನೆಲದ ಕಡೆಗೆ ತಿರುಗಿಸಿಕೊಂಡು ಅಡ್ಡಕ್ಕೆ ಚಾಚುತ್ತಿತ್ತು.