ರೀಜನಲ್‌ನಿಂದ ದೊಡ್ಡ ಏರ್‌ಲೈನ್‌ಗೆ: ಪ್ರಮೋಷನ್ ಅಂದುಕೊಳ್ಳಬೇಡಿ

“ಮಗ ಅಮೆರಿಕನ್ ಈಗಲ್‌ನಲ್ಲಿ ಪೈಲಟ್. ದೊಡ್ಡ ಅಮೆರಿಕನ್ ಏರ್‌ಲೈನ್ಸ್‌ಗೆ ಪ್ರಮೋಷನ್ ಯಾವಾಗ ಸರ್?” ಡಾಲಸ್ ಕಡೆಯ ನಮ್ಮ ಕನ್ನಡದ ಅಪ್ಪ-ಅಮ್ಮಂದಿರು ಸಿಕ್ಕಾಗಲೆಲ್ಲ ಕೇಳುವುದು ಇದನ್ನೇ. ಮಕ್ಕಳೂ ಹಾಗೇ ಅಂದುಕೊಂಡಿರುತ್ತಾರೆ, ಅದೇ ನನಗೆ ಬೇಸರ.

ಪ್ರಮೋಷನ್ ಅಂತ ಒಂದಿಲ್ಲ. ವಿಮಾನದ ಬಣ್ಣ ಒಂದೇ ಇರಬಹುದು, ಟಿಕೆಟ್ ಮಾರುವವರೂ ಒಬ್ಬರೇ ಇರಬಹುದು. ಆದರೆ ಈಗಲ್ ಹೆಸರಿನ ವಿಮಾನ ಹಾರಿಸುವುದು ಎನ್ವಾಯ್, ಪಿಎಸ್‌ಎ, ಪೀಡ್‌ಮಾಂಟ್, ಸ್ಕೈವೆಸ್ಟ್‌ನಂಥ ಬೇರೆ ಕಂಪನಿಗಳು. ದೊಡ್ಡ ಏರ್‌ಲೈನ್‌ಗಾಗಿ ಸಣ್ಣ ವಿಮಾನ ಹಾರಿಸುವ ಇಂಥವನ್ನೇ ರೀಜನಲ್ ಅನ್ನುವುದು. ಮೊದಲ ಮೂರು ಅಮೆರಿಕನ್ ಗ್ರೂಪ್‌ನವೇ. ಆದರೂ ಪೈಲಟ್‌ಗಳ ಸೀನಿಯಾರಿಟಿ ಪಟ್ಟಿ ಬೇರೆ ಬೇರೆ.

ಯಾವ ಊರಿನಿಂದ ಹಾರಬೇಕು, ಯಾವ ವಿಮಾನ, ಕ್ಯಾಪ್ಟನ್ ಆಗೋದು ಯಾವಾಗ, ದೀಪಾವಳಿಗೆ ರಜೆ ಸಿಗುತ್ತಾ, ಕಂಪನಿಗೆ ಕಷ್ಟ ಬಂದರೆ ಮೊದಲು ಯಾರನ್ನು ಮನೆಗೆ ಕಳಿಸುತ್ತಾರೆ, ಎಲ್ಲವನ್ನೂ ತೀರ್ಮಾನಿಸುವುದು ಆ ಪಟ್ಟಿ. ಹೊಸ ಕಂಪನಿಗೆ ಹೋದ ದಿನ ನೀವು ಅಲ್ಲಿಯ ಪಟ್ಟಿಯ ಕೊನೆಯಲ್ಲಿರುತ್ತೀರಿ. ಹಿಂದೆ ಎಷ್ಟು ವರ್ಷ ಕ್ಯಾಪ್ಟನ್ ಆಗಿದ್ದರೂ ಅಷ್ಟೇ. ಮೊದಲ ವರ್ಷ ಸಂಬಳ ಕಡಿಮೆಯಾಗುವುದೂ ಉಂಟು.

ನನ್ನ ಪರಿಚಯದ ಕ್ಯಾಪ್ಟನ್ ಒಬ್ಬರ ಪಕ್ಕ ಕೂತು ಎಂಬ್ರಯರ್ 175 ಹಾರಿಸುತ್ತಿದ್ದ ಹುಡುಗಿ ಬೇರೊಂದು ದೊಡ್ಡ ಕಂಪನಿಗೆ ಅರ್ಜಿ ಹಾಕಿ ಹೊರಟೇಬಿಟ್ಟಳು. ಈ ಕ್ಯಾಪ್ಟನ್ ಮಾತ್ರ, ರೀಜನಲ್‌ನವರನ್ನು ಸರದಿಯಂತೆ ದೊಡ್ಡ ಕಂಪನಿಗೆ ತೆಗೆದುಕೊಳ್ಳುವ ಒಪ್ಪಂದದ ಪ್ರಕಾರ ಸರದಿ ಬರಲಿ ಅಂತ ಕಾದರು. ಸರದಿ ಮುಂದೆ ಹೋಗಲೇ ಇಲ್ಲ. ಕೊನೆಗೆ ಇವರೂ ಅವಳಿದ್ದ ಕಂಪನಿಗೇ ಸೇರಿದರು. ಈಗ ಎಡಗಡೆ ಸೀಟಿನಲ್ಲಿ, ಅಂದರೆ ಕ್ಯಾಪ್ಟನ್ ಜಾಗದಲ್ಲಿ, ಅವಳು. ಇವರು ರಿಸರ್ವ್‌ನಲ್ಲಿ: ಇಸ್ತ್ರಿ ಮಾಡಿದ ಯೂನಿಫಾರ್ಮ್ ಬಾಗಿಲಿಗೆ ನೇತುಹಾಕಿ, ಫೋನ್ ಪಕ್ಕದಲ್ಲೇ ಇಟ್ಟುಕೊಂಡು ಕರೆ ಕಾಯುವುದು. ಅವಳ ಮೇಲೆ ಸಿಟ್ಟಾಗಿ ಏನು ಬಂತು ಹೇಳಿ?

ರೀಜನಲ್ ಮತ್ತು ದೊಡ್ಡ ಕಂಪನಿಯ ಪೈಲಟ್‌ಗಳ ನಡುವಿನ ಮುನಿಸು ಹಳೆಯದು. 2007ರ ಕೊನೆಯಲ್ಲಿ ಪೈಲಟ್‌ಗಳ ನಿವೃತ್ತಿ ವಯಸ್ಸು 60ರಿಂದ 65ಕ್ಕೆ ಏರಿತು, ಹಿಂದೆಯೇ ಆರ್ಥಿಕ ಹಿಂಜರಿತ ಬಂತು. ಮೇಲಿನವರು ಜಾಗ ಬಿಡಲಿಲ್ಲ, ರೀಜನಲ್‌ನವರು ವರ್ಷಗಟ್ಟಲೆ ಅಲ್ಲೇ ಉಳಿದರು. ಆ ನೋವು ನಿಜವಾದದ್ದೇ. ಇನ್ನೊಂದು ಜಗಳ ‘ಸ್ಕೋಪ್’ ಷರತ್ತಿನದು, ಅಂದರೆ ರೀಜನಲ್‌ಗೆ ಎಷ್ಟು ದೊಡ್ಡ ವಿಮಾನ ಕೊಡಬಹುದು ಅನ್ನುವ ಮಿತಿಯದು. ದೊಡ್ಡ ಕಂಪನಿಗಳ ಪೈಲಟ್ ಒಪ್ಪಂದಗಳಲ್ಲಿ ರೀಜನಲ್ ವಿಮಾನಕ್ಕೆ ಸಾಮಾನ್ಯವಾಗಿ 76 ಸೀಟು, 86,000 ಪೌಂಡ್ ತೂಕದ ಮಿತಿ ಇರುತ್ತದೆ. ರೀಜನಲ್ ಹುಡುಗರಿಗೆ ಇದು ಅಡ್ಡಗಾಲು ಅನಿಸುತ್ತದೆ. ನಾನು ಒಪ್ಪುವುದಿಲ್ಲ. ಮಿತಿ ಸಡಿಲಾದರೆ ಕಡಿಮೆ ಸಂಬಳದ ಕಡೆಗೆ ದೊಡ್ಡ ವಿಮಾನಗಳೂ ಜಾರುತ್ತವೆ. ನಾಳೆ ನೀವು ಸೇರಬೇಕೆಂದಿರುವ ಕೆಲಸವೇ ಅಲ್ವಾ ಆಗ ಕಮ್ಮಿಯಾಗೋದು?

ಸರದಿಯ ಒಪ್ಪಂದ, ಅಂದರೆ ‘ಫ್ಲೋ’, ಇರುವವರು ಅದನ್ನು ಬಿಡಬೇಕಾಗಿಲ್ಲ. ಷರತ್ತು ಕಂಪನಿಗೊಂದು ಥರ ಇರುತ್ತದೆ, ಆಗಾಗ ಬದಲಾಗುತ್ತದೆ, ಹಾಗಾಗಿ ನಿಮ್ಮ ಒಪ್ಪಂದವನ್ನೇ ಓದಿ, ಯೂನಿಯನ್‌ನವರನ್ನು ಕೇಳಿ. ದೊಡ್ಡ ಕಂಪನಿಯಲ್ಲಿ ನೇಮಕ ನಿಂತರೆ ಫ್ಲೋ ಕೂಡ ನಿಲ್ಲಬಹುದು. ಅರ್ಹತೆ ಬಂದ ದಿನವೇ ಬೇರೆ ಕಂಪನಿಗಳಿಗೂ ಅರ್ಜಿ ಹಾಕಿ, ಹೊಸದಾಗಿ ಹಾರಿಸಿದ ಗಂಟೆಗಳನ್ನು ತಿಂಗಳಿಗೊಮ್ಮೆ ಆ ಅರ್ಜಿಗಳಲ್ಲಿ ಸೇರಿಸಿ.